ನೀಲಿ ಕೇಳಿದವರು ಯಾರು?

ಬಣ್ಣದಕ್ಕನಿಗೆ ಕೂತರೂ ಸಮಾಧಾನವಿಲ್ಲ, ನಿಂತರೂ ಸಮಾಧಾನವಿಲ್ಲ. ಅವಳು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಬಣ್ಣದ ನೀರಿನ ಕೊಳವೆ ಒಡೆದು ಕುಡಿಯುವ ನೀರಿನ ತೊಟ್ಟಿಗೆ ಸೋರುತ್ತಿತ್ತು. ಇದೇನೆಂದು ಕೇಳಿದವಳೊಬ್ಬಳನ್ನು ಆಗಲೇ ಕೆಲಸದಿಂದ ತೆಗೆದಿದ್ದರು. ಅಕ್ಕ ತೊಟ್ಟಿಯ ಫೋಟೋ ತೆಗೆದಿದ್ದಳು. ತೋರಿಸಿದರೆ ತನ್ನ ಕೆಲಸ ಹೋಗುತ್ತದೆ, ಬಚ್ಚಿಟ್ಟರೆ ಜೊತೆಯವರ ಹೊಟ್ಟೆಗೆ ವಿಷ ಹೋಗುತ್ತದೆ.

ಅಕ್ಕನ ಗಂಡನಿಗೆ ಇಸ್ತ್ರಿ ಅಂಗಡಿ, ಅವನ ತಂಗಿಗೆ ಕಂಪ್ಯೂಟರ್ ರಿಪೇರಿ ಕೆಲಸ. ಹೆಸರು ಹೇಳದೆ ಫೋಟೋ ಕಳಿಸುವ ಕಂಪ್ಯೂಟರ್ ಜಾಲವೊಂದಿದೆ ಎಂದಳು ತಂಗಿ.

"ಕಿವಿಗೆ ಹೂವು ಇಡಬೇಡ. ಕಳಿಸಿದವರು ಯಾರು ಅಂತ ಗೊತ್ತಾಗದೆ ಇರುತ್ತಾ?" ಎಂದ ಅವಳಣ್ಣ, ಅಕ್ಕನ ಗಂಡ.

ತಂಗಿ ಅತ್ತಿಗೆಯತ್ತ ತಿರುಗಿದಳು. "ಕೆಲಸದ ಮಧ್ಯೆ ನೀಲಿ ಬೇಕಾದ್ರೆ ಏನ್ಮಾಡ್ತೀರಿ ಅತ್ತಿಗೆ?"

"ಬಣ್ಣದ ಬಾನಿ ಬಿಟ್ಟು ಹೋಗೋ ಹಾಗಿಲ್ಲ. ಪಕ್ಕದವಳಿಗೆ ಹೇಳ್ತೀನಿ. ಅವಳು ನೀಲಿಗೆ ಇನ್ನೂ ಹತ್ತಿರ ಇರೋಳಿಗೆ ಹೇಳ್ತಾಳೆ. ಚೊಂಬು ಅದೇ ದಾರೀಲಿ ಕೈಯಿಂದ ಕೈಗೆ ಬರುತ್ತೆ."

"ಮೊದಲು ಕೇಳಿದ್ದು ಯಾರು ಅಂತ ಕೊಟ್ಟವಳಿಗೆ ಗೊತ್ತಾಗುತ್ತಾ?"

"ಅವಳಿಗೇನು ಗೊತ್ತು? ಪಕ್ಕದವಳು ಕೇಳಿದ್ಲು, ಅಷ್ಟೇ."

ಜಾಲವೂ ಹಾಗೇ ಎಂದು ತಂಗಿ ಬಿಡಿಸಿ ಹೇಳಿದಳು. ಫೋಟೋ ತುಂಡುತುಂಡಾಗುತ್ತದೆ, ಪ್ರತಿ ತುಂಡಿಗೂ ಬೀಗ, ಪ್ರತಿ ತುಂಡಿಗೂ ಒಂದು ಸಂಖ್ಯೆ. ಕಂಪ್ಯೂಟರುಗಳಿಗೂ ಸಂಖ್ಯೆಯುಂಟು. ತುಂಡಿನ ಸಂಖ್ಯೆಗೆ ಯಾವ ನೆರೆಯ ಕಂಪ್ಯೂಟರಿನ ಸಂಖ್ಯೆ ಹತ್ತಿರವೋ ಅತ್ತ ದಾಟಿಸುತ್ತಾ ಹೋಗುತ್ತವೆ. ದಾರಿ ಮುಚ್ಚಿದ್ದರೆ ಹಿಂದೆ ಬಂದು ಬೇರೆ ದಾರಿ ಹಿಡಿಯುತ್ತವೆ. ದಾಟಿಸುವಾಗ ಅಲ್ಲಲ್ಲಿ ನಕಲು ಉಳಿಯುತ್ತದೆ. ಹುಡುಕಿ ತೆರೆಯಲು ಬೇಕಾದ್ದು ಅಕ್ಷರ, ಅಂಕಿಗಳ ಗುರುತಿನ ಸಾಲೊಂದೇ.

ಅಣ್ಣ ಫೋಟೋವನ್ನೇ ನೋಡುತ್ತಿದ್ದವನು ಹೆಂಡತಿಯನ್ನು ಕೇಳಿದ. "ಈ ಮೂಲೇಲಿರೋ ಕೈ ನಿಂದಲ್ವೇನೆ? ಈ ಸುಟ್ಟ ಕಲೆ ನಮ್ಮ ಇಸ್ತ್ರಿ ಪೆಟ್ಟಿಗೇದು."

ತಂಗಿ ಪೆಚ್ಚಾದಳು. ಜಾಲ ದಾರಿಯನ್ನು ಮರೆಮಾಡೀತು, ಫೋಟೋದೊಳಗಿನ ಕೈಯನ್ನಲ್ಲ. ಒಮ್ಮೆ ಹರಡಿದರೆ ವಾಪಸ್ ಕರೆಯಲೂ ಆಗದು. ಆ ಮೂಲೆ ಕತ್ತರಿಸಿದರು, ಫೋಟೋದಲ್ಲಿ ಅಡಗಿದ್ದ ಫೋನಿನ ವಿವರ ಅಳಿಸಿದರು, ಮನೆಯ ಹಳೇ ಕಂಪ್ಯೂಟರಿನಿಂದ ಕಳಿಸಿದರು. ಜಾಲದೊಳಗೇ ಕಾರ್ಮಿಕ ಸಂಘದವರು ನೋಡುವ ಪುಟದಲ್ಲಿ ಗುರುತಿನ ಸಾಲನ್ನೂ ಹಾಕಿದರು.

ಮರುದಿನ ಕಾರ್ಖಾನೆಯಲ್ಲಿ ಎಲ್ಲರ ಫೋನು ತಪಾಸಣೆ ಎಂಬ ಸುದ್ದಿ ಬಂತು. ಅಕ್ಕ ತನ್ನ ಫೋನಿನ ಫೋಟೋವನ್ನು ಮೊದಲೇ ಅಳಿಸಿದ್ದಳು. ಅಣ್ಣ ಮಾತ್ರ ಸುದ್ದಿ ಕೇಳಿದ್ದೇ ಅಂಗಡಿ ಬಿಟ್ಟು ಎದ್ದ. ಮನೆಗೆ ಓಡಿ ಕಂಪ್ಯೂಟರಿನ ಪ್ಲಗ್ಗನ್ನೇ ಕಿತ್ತ. ಪೀಡೆ ತೊಲಗಿತೆಂದು ತಂಗಿಯ ಅಂಗಡಿಗೆ ಹೋದರೆ, ಅವಳ ಪರದೆಯ ಮೇಲೆ ಅದೇ ತೊಟ್ಟಿ ಮೆಲ್ಲಗೆ ಮೂಡುತ್ತಿತ್ತು.

ಅವನು ಕೈಯಲ್ಲಿದ್ದ ಪ್ಲಗ್ ನೋಡಿದ. ವೈರ್ ಸಮೇತ ಹಿಡಿದುಕೊಂಡೇ ಬಂದಿದ್ದ.

"ನೀನು ಎಬ್ಬಿಸಿ ಕಳಿಸಿದ್ದು ಬಾನಿ ಸಾಲಿನ ಒಬ್ಬಳನ್ನ ಅಷ್ಟೇ ಅಣ್ಣ, ಉಳಿದ ಸಾಲು ಅಲ್ಲೇ ಇದೆ, ನಕಲು ಅವರ ಹತ್ರ ಇದೆ," ಎಂದಳು ತಂಗಿ. "ಆದ್ರೆ ಯಾರೂ ಕೇಳದೆ ಬಿಟ್ಟ ತುಂಡು ಮೆಲ್ಲಗೆ ಅಳಿದುಹೋಗುತ್ತೆ. ಕೇಳ್ತಾ ಇರಬೇಕು."

ಅಣ್ಣ ಮನೆಗೆ ಹೋಗಿ ತಾನೇ ಪ್ಲಗ್ ಸಿಕ್ಕಿಸಿದ.

ಸಂಘದವರು ಫೋಟೋ ಹಿಡಿದು ಬಂದರು, ನೀರಿನ ತಪಾಸಣೆಯಾಯಿತು, ತೊಟ್ಟಿ ಬರಿದಾಯಿತು. ಮೇಸ್ತ್ರಿ ಬಾನಿಗಳ ಸಾಲಿನುದ್ದಕ್ಕೂ ನಡೆದು, ಫೋಟೋ ಕೊಟ್ಟಿದ್ದು ಯಾರೆಂದು ಒಬ್ಬೊಬ್ಬರನ್ನೇ ಕೇಳಿದ.

"ಪಕ್ಕದವಳು," ಎಂದಳು ಮೊದಲನೆಯವಳು. ಕೊನೆಯವರೆಗೂ ಅದೇ ಉತ್ತರ.

ಓದುತ್ತಿರುವ ತಾಯಂದಿರೇ, ಅಣ್ಣಂದಿರೇ, ನಿಜ ಹೇಳಲು ಹೆದರುವವರು ನಿಮ್ಮ ಪಕ್ಕದಲ್ಲೇ ಇರಬಹುದು. ಕಳಿಸುವ ಮುನ್ನ ನಿಮ್ಮ ಕೈಯ ಕಲೆ ಫೋಟೋದಲ್ಲಿದೆಯೇ ನೋಡಿಕೊಳ್ಳಿ. ಆಮೇಲೆ ದಾಟಿಸುವ ಸಾಲಿನಲ್ಲಿ ನಿಮ್ಮ ಕೈಯೂ ಇರಲಿ.