ದಿಲ್ಲಿಯ ದೂರ

"ದಿಲ್ಲಿ ಎಷ್ಟು ದೂರಾನಪ್ಪಾ?" ಎಂದು ಕೇಳಿದರು, ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು.

ಹೊನ್ನವಳ್ಳಿಯ ಆ ಮನೆಯ ಜಗುಲಿಯ ಮೇಲೆ ಶಿವರುದ್ರಮ್ಮನ ಶವವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಹಾರ. ಬೆಳಗಿನ ಜಾವ ಪ್ರಾಣ ಹೋಗಿತ್ತು; ಈಗ ಮಧ್ಯಾಹ್ನದ ಬಿಸಿಲು ಜಗುಲಿಗೂ ಏರಿತ್ತು. ಒಬ್ಬಳೇ ಮಗಳು ಇದ್ದದ್ದು ದಿಲ್ಲಿಯಲ್ಲಿ.

"ನಮ್ಮ ಕೊಬ್ಬರಿ ಲಾರಿ ಮುಟ್ಟಾಕೆ ವಾರ ಬೇಕು. ರೈಲಾದ್ರೂ ಎರಡು ರಾತ್ರಿ," ಎಂದ ಮಗ ಮಲ್ಲಿಕಾರ್ಜುನಯ್ಯ. ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟವನಿಗೆ ಲಾರಿ ಹೋಗದ ದಾರಿ ದಾರಿಯೇ ಅಲ್ಲ.

ಪಕ್ಕದ ತೋಟದ ದೊಡ್ಡರಂಗಯ್ಯ ಬಾಯಿ ಹಾಕಿದ. "ಇಮಾನ್ದಾಗೆ ಎರಡೂವರೆ ಗಂಟೆಯಂತೆ ಕಣಪ್ಪ. ಗಿರಿಜವ್ವ ಏನಾರ ಅದ್ರಾಗೆ ಬಂದ್ರೆ?"

ಮಲ್ಲಿಕಾರ್ಜುನಯ್ಯನಿಗೆ ಅಂಥ ಹೊತ್ತಿನಲ್ಲೂ ನಗು ಬಂದುಬಿಟ್ಟಿತು. "ಸುಮ್ಕಿರು ರಂಗಣ್ಣ. ನನ್ನ ತಂಗಿ ಗಂಡ ಆಫೀಸಿಗೆ ಸೈಕಲ್ ತುಳ್ಕಂಡು ಹೋಗೋ ಗುಮಾಸ್ತ. ಅವನು ಇಮಾನ ಹತ್ತುಸ್ತಾನಾ!"

ಹಾಗಂದವನು ಅವ್ವನ ಕಡೆ ನೋಡಲಾರದೆ ಮುಖ ತಿರುಗಿಸಿಕೊಂಡ. ಬೆಳಿಗ್ಗೆ ತಿಪಟೂರಿನಿಂದ ಟ್ರಂಕ್ ಕಾಲ್ ಮಾಡಿದಾಗ ಗಿರಿಜಾಂಬಿಕಾ, "ಅಣ್ಣಾ, ಅವ್ವನ ಮುಖ ನೋಡ್ಬೇಕು, ನಾನು ಬರೋಗಂಟ ತಡೀರಿ," ಎಂದು ಗೋಳಾಡಿದ್ದಳು. "ಆಯ್ತು ಬಾ ತಾಯಿ, ತಡೀತೀನಿ," ಎಂದವನು ಇವನೇ. ಅಳುವವಳ ಸಮಾಧಾನಕ್ಕೊಂದು ಮಾತು, ಅಷ್ಟೇ ಅಂದುಕೊಂಡಿದ್ದ. ಅಯ್ಯನವರ ಮುಂದೆ ಅದನ್ನು ಬಾಯಿಬಿಟ್ಟಿದ್ದರೆ ಸಂಜೆತನಕ ಕಾಯುತ್ತಿದ್ದರು. ಇವನು ಬಾಯಿ ಬಿಡಲಿಲ್ಲ. ನೆಂಟರು ಹಸಿದು ಕೂತಿದ್ದರು, ತನಗೂ ಸಾಕಾಗಿತ್ತು. ಒಂದು ಸಲ ಮುಗಿದರೆ ಸಾಕು ಎನಿಸಿತ್ತು.

"ಹಂಗಾರೆ ಎತ್ತಾನ," ಎಂದರು ಅಯ್ಯನವರು.

ತೋಟದ ಮೂಲೆಯ ಗುಂಡಿಯಲ್ಲಿ ಅವ್ವನನ್ನು ಕೂರಿಸಿ, ಎಡಗೈಯಲ್ಲಿ ಲಿಂಗವಿಟ್ಟು, ವಿಭೂತಿ, ಉಪ್ಪು ಸುರಿದು ಮಣ್ಣೆಳೆದರು. ಮೊದಲ ಹಿಡಿ ಮಣ್ಣು ಮಗನದೇ.

ಸ್ನಾನ ಮುಗಿಸಿ ಅವನು ತಲೆ ಒರೆಸಿಕೊಳ್ಳುತ್ತಿದ್ದಾಗ ಮನೆಯ ಮುಂದೆ ಬೆಂಗಳೂರಿನ ಟ್ಯಾಕ್ಸಿಯೊಂದು ಬಂದು ನಿಂತಿತು. ಗಿರಿಜಾಂಬಿಕಾ ಬಾಗಿಲು ಹಾಕುವುದನ್ನೂ ಮರೆತು ಜಗುಲಿಯತ್ತ ಓಡಿದಳು. ಹಿಂದೆ ಅವಳ ಗಂಡ ಹಾಲಸ್ವಾಮಿ. ಸುಕ್ಕಾದ ಅಂಗಿ, ಬಿಳಚಿಕೊಂಡ ಮುಖ.

"ಇಮಾನ ಎರಡೂವರೆ ಗಂಟೇಲೇ ಇಳಿಸ್ತು ಭಾವಾ. ಬೆಂಗ್ಳೂರಿಂದ ಇಲ್ಲಿಗೆ ಬರೋದೇ ತಡ ಆಗೋಯ್ತು," ಎಂದ, ತಪ್ಪು ತನ್ನದೇ ಏನೋ ಎಂಬಂತೆ.

ಬರಿದಾದ ಜಗುಲಿಯ ಮುಂದೆ ಗಿರಿಜಾಂಬಿಕಾ ನಿಂತುಬಿಟ್ಟಳು. "ತಡೀತೀನಿ ಅಂದಿದ್ಯಲ್ಲಣ್ಣಾ."

ದೊಡ್ಡರಂಗಯ್ಯ ಥಟ್ಟನೆ ಮಲ್ಲಿಕಾರ್ಜುನಯ್ಯನ ಕಡೆ ತಿರುಗಿದ. "ಹೌದೇನಪ್ಪಾ? ಅಂಗಂದಿದ್ಯಾ?"

ಅವನು ಒದ್ದೆ ಟವೆಲನ್ನು ಹೆಗಲಿಗೆ ಹಾಕಿಕೊಂಡ. ತಪ್ಪಾಯ್ತು ಕಣವ್ವಾ ಎಂದು ತಂಗಿಗೆ ಹೇಳಬೇಕೆಂದುಕೊಂಡ. ತಂಗಿ ಅತ್ತು ರಂಪ ಮಾಡಿದ್ದರೆ, ಕೊರಳಪಟ್ಟಿ ಹಿಡಿದು ಜಗ್ಗಿದ್ದರೆ ತಡೆದುಕೊಳ್ಳುತ್ತಿದ್ದ. ಅವಳು ಹಾಗೇನೂ ಮಾಡಲಿಲ್ಲ. ನೆಟ್ಟಗೆ ತೋಟಕ್ಕೆ ನಡೆದಳು, ಇವನು ಹಿಂದೆಯೇ ಹೋದ.

ಹೊಸ ಮಣ್ಣಿನ ಗುಡ್ಡೆಯನ್ನು ಅವಳು ಸ್ವಲ್ಪ ಹೊತ್ತು ನೋಡಿದಳು.

"ಅವ್ವನ ಮುಖ ಯಾವ ಕಡೆಗೈತಣ್ಣಾ?"

ಅವನು ಬಾವಿಯ ಕಡೆಗೆ ಕೈ ತೋರಿಸಿದ. ಗಿರಿಜಾಂಬಿಕಾ ಗುಡ್ಡೆಯನ್ನು ಬಳಸಿಕೊಂಡು ಆ ಪಕ್ಕಕ್ಕೆ ಹೋಗಿ, ಅವ್ವನ ಮುಖವಿರುವ ಕಡೆಗೆ ತಿರುಗಿ, ಹಸಿಮಣ್ಣಿಗೆ ಎದುರಾಗಿ ಕೂತಳು.