ಚೇಗು ಅಂದ್ರೇನು

ಪೀರಬಿಯ ಗಂಡ ಬಾಬುಲಾಲ ಪಿಂಜಾರರ ಮನೆಯವನು. ಅರಳೆ ಹಿಂಜಿ ಹೊಟ್ಟೆ ಹೊರೆಯುವುದು ಕಷ್ಟವಾದಾಗ ಬಡಿಗತನ ಕಲಿಯಲು ಮನಗೂಳಿಯ ಸಂಗಣ್ಣನ ಅಂಗಡಿ ಸೇರಿದ. ಸುತ್ತಲಿನ ಹಳ್ಳಿಗಳಿಗೆಲ್ಲ ಬಂಡಿ ಮಾಡಿಕೊಡುವವನು ಸಂಗಣ್ಣನೊಬ್ಬನೇ. ಬಾಬುಲಾಲನ ಕೈ ಹದವಾದ ಕೈ. ರಂದಾ ಹೊಡೆದರೆ ಹಲಗೆ ಕನ್ನಡಿಯಂತಾಗುತ್ತಿತ್ತು. ಅದನ್ನು ಸಂಗಣ್ಣ ನೋಡಿದ.

ಎರಡು ವರ್ಷದ ಮೇಲೆ ಬಾಬುಲಾಲ ಸ್ವಂತ ಊರು ಗೊಳಸಂಗಿಗೆ ಬಂದು ಅಂಗಡಿ ಹಾಕಿದ. ಅವನು ಮಾಡಿದ ಮೊದಲ ಬಂಡಿಯನ್ನು ಊರವರೆಲ್ಲ ಸವರಿ ನೋಡಿದರು. ಜೋಳದ ಚೀಲ ಹೇರಿಕೊಂಡು ಬಾಬುಲಾಲ ತಾನೇ ಹೊಡೆದುಕೊಂಡು ಹೊರಟ. ಹಳ್ಳದ ಇಳಿಜಾರಿನಲ್ಲಿ ಗಾಲಿಯ ಆರೆಗಳು, ಎಂದರೆ ನಡುವಿನ ಗುಂಬಕ್ಕೂ ಹೊರಗಿನ ಬಳೆಗೂ ಆಸರೆಯಾದ ಕಟ್ಟಿಗೆಗಳು, ಒಂದರ ಹಿಂದೊಂದು ಲಟಲಟ ಮುರಿದವು. ಬಂಡಿ ಮಗುಚಿ ಅವನ ಎಡಗಾಲು ಕೆಳಗೆ ಸಿಕ್ಕಿತು. ಆಸ್ಪತ್ರೆಯವರು ಮೊಣಕಾಲಿನಿಂದ ಕೆಳಗೆ ತೆಗೆದುಬಿಟ್ಟರು.

ಮಾತಾಡಿಸಲು ಸಾಲೋಟಗಿಯಿಂದ ಬಂದ ದೂರದ ಸಂಬಂಧಿ ಇಬ್ರಾಹಿಂಸಾಬ ಮುದಿ ಬಡಿಗ. ಅಂಗಳದಲ್ಲಿ ಬಿದ್ದಿದ್ದ ಮುರುಕು ಆರೆಯೊಂದನ್ನು ಎತ್ತಿ ಉಗುರಿನಿಂದ ಕೆರೆದ.

"ಇದನ್ನ ಆರೆಗೆ ಹಾಕು ಅಂತ ಯಾರ ಹೇಳಿದ್ರು?"

"ಚೇಗು ಹಾಕು ಅಂತ ಸಂಗಣ್ಣನೇ ಹೇಳಿದ್ದ," ಎಂದ ಬಾಬುಲಾಲ. "ಅದು ಚೇಗನ ಐತಿ."

"ಇದು ಬೆಳಿ. ತೊಗಟಿ ಕೆಳಗಿನ ಬಿಳಿ ಕಟಗಿ. ಹುಳಕ್ಕ ಊಟ. ಚೇಗು ಅಂದ್ರ ನಡುವಿನ ಕೆಂಪು ಗಟ್ಟಿ ಭಾಗ."

"ಕೆಂಪು ಭಾಗ ಸತ್ತದ್ದು, ಒಲಿಗೆ ಹಾಕು ಅಂದಿದ್ನಲ್ಲ."

ಇಬ್ರಾಹಿಂಸಾಬ ಆರೆಯನ್ನು ಕೆಳಗಿಟ್ಟ. ಪೀರಬಿಗೆ ಎಲ್ಲ ತಿಳಿಯಿತು. ಮನಗೂಳಿಯ ಅಂಗಡಿಯಲ್ಲಿ ಆರೆ ಕಡಿಯುವ ಕೆಲಸವನ್ನು ಸಂಗಣ್ಣ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ತಾನೇ ಕಡಿದು, ಕರಿ ಎಣ್ಣೆ ಬಳಿದ ಮೇಲೆಯೇ ಬಾಬುಲಾಲನ ಕೈಗೆ ಕೊಡುತ್ತಿದ್ದ. ಯಾವ ಬಣ್ಣದ ಕಟ್ಟಿಗೆಯೆಂದು ಅವನಿಗೆ ಹೇಗೆ ಗೊತ್ತಾಗಬೇಕು?

"ಹೋಗಲಿ ಬಿಡು. ಅಲ್ಲಾ ನೋಡ್ಕೋತಾನ," ಎಂದ ಬಾಬುಲಾಲ.

"ಅಲ್ಲಾ ನೋಡ್ಕೊಳ್ಳೋದು ಬ್ಯಾರೆ," ಎಂದಳು ಪೀರಬಿ. "ನಾ ನೋಡ್ಕೊಳ್ಳೋದು ಬ್ಯಾರೆ."

ಆ ವಾರವೆಲ್ಲ ಇಬ್ರಾಹಿಂಸಾಬ ಗೊಳಸಂಗಿಯಲ್ಲೇ ಉಳಿದು ಬಾಬುಲಾಲನಿಗೆ ಮೊದಲಿನಿಂದ ಪಾಠ ಹೇಳಿದ. ಪೀರಬಿ ರೊಟ್ಟಿ ಬಡಿಯುತ್ತ ಒಂದೊಂದು ಮಾತನ್ನೂ ಮನಸ್ಸಿನಲ್ಲಿ ಇಳಿಸಿಕೊಂಡಳು. ಕಟ್ಟಿಗೆಯ ಉದ್ದಕ್ಕೆ ಹರಿಯುವ ಗೆರೆ ಎಳೆ. ಎಳೆ ಓರೆಯಾದರೆ ಭಾರ ತಾಳದು. ಕೊಂಬೆ ಒಡೆದ ಜಾಗದಲ್ಲಿ ಗಂಟು. ಸುತ್ತಲಿನ ಕಟ್ಟಿಗೆಯೊಡನೆ ಬೆಸೆದದ್ದು ಜೀವಗಂಟು, ಬಡಿದರೆ ಅಲುಗುವುದು ಸತ್ತಗಂಟು. ಸಡಿಲ ಕೀಲಿಗೆ ಬಡಿಯುವುದು ಬೆಣೆ. ಹೊಸ ಬಂಡಿಯಲ್ಲಿ ಬೆಣೆ ಹೆಚ್ಚು ಕಂಡರೆ ಕೀಲು ಕೊರೆದವನಿಗೆ ಕೆಲಸ ಬರದು, ಇಲ್ಲವೇ ಮನಸ್ಸಿಲ್ಲ.

ಬಾಬುಲಾಲ ಕುಳಿತಲ್ಲೇ ಕಡಗೋಲು, ಲಟ್ಟಣಿಗೆ, ಕೊಡಲಿಯ ಕಾವು ಮಾಡತೊಡಗಿದ. ಪೀರಬಿ ಬುಟ್ಟಿ ಹೊತ್ತು ಮನಗೂಳಿಯ ಸಂತೆಗೆ ಹೋಗಿ, ಸಂಗಣ್ಣನ ಅಂಗಡಿಯ ಎದುರಿಗೇ ಗೋಣಿತಟ್ಟು ಹಾಸಿದಳು. ಕಾವು ಕೊಳ್ಳಲು ಬಂದ ರೈತರನ್ನೆಲ್ಲ ಕೂರಿಸಿ ಎಳೆ ತೋರಿಸಿದಳು, ಗಂಟು ಬಡಿದು ಕೇಳಿಸಿದಳು. ಚೇಗು ಯಾವುದು, ಬೆಳಿ ಯಾವುದು ಎಂದು ಬಿಡಿಸಿ ಹೇಳಿದಳು. ಸಂಗಣ್ಣನ ಹೆಸರನ್ನು ಒಮ್ಮೆಯೂ ಎತ್ತಲಿಲ್ಲ. "ಬಂಡಿ ತಗೋಳಾಕ ಹೋದ್ರ ಮೊದಲ ಎಣ್ಣಿ ಕೆರದ ನೋಡ್ರಿ," ಎಂದಷ್ಟೇ ಹೇಳಿದಳು.

ರೈತರು ಕೆರೆದು ನೋಡಿದರು. ಎದುರಾಳಿಯಿಲ್ಲದ ಸಂಗಣ್ಣ ವರ್ಷಗಳಿಂದ ಮೈಗಳ್ಳನಾಗಿದ್ದ. ಕರಿ ಎಣ್ಣೆಯ ಕೆಳಗೆ ಬೆಳಿ ಸಿಕ್ಕಿತು. ಸತ್ತಗಂಟಿನ ಕುಳಿಗೆ ಅಂಟು ಹಾಗೂ ಹೊಟ್ಟು ಕಲಸಿ ಮೆತ್ತಿದ್ದೂ ಸಿಕ್ಕಿತು. ಮುಂಗಡ ಕೊಟ್ಟವರು ವಾಪಸು ಕೇಳಿದರು. ಅವನ ಕಟ್ಟೆಯ ಮೇಲೆ ಕೂರುತ್ತಿದ್ದ ನಾಲ್ಕು ಮಂದಿ ಎದ್ದುಹೋಗಿ ಬೇರೆ ಕಟ್ಟೆ ಹುಡುಕಿಕೊಂಡರು. ಪೀರಬಿ ಇದನ್ನೆಲ್ಲ ಕುಳಿತಲ್ಲಿಂದಲೇ ನೋಡುತ್ತಿದ್ದಳು. ಹಸಿದವರು ಊಟ ನೋಡಿದಂತೆ ನೋಡುತ್ತಿದ್ದಳು.

ಒಂದು ಮಧ್ಯಾಹ್ನ ಸಂಗಣ್ಣ ಗೊಳಸಂಗಿಗೆ ಬಂದ. ಬಾಬುಲಾಲ ಚಾಪೆ ತೋರಿಸಿದ. ಪೀರಬಿ ನೀರು ಕೊಡಲಿಲ್ಲ.

"ನನ್ನ ಹೊಟ್ಟಿ ಮ್ಯಾಲ ಹೊಡಿಬ್ಯಾಡವಾ," ಎಂದ ಸಂಗಣ್ಣ.

"ನಾ ಹೇಳಿದ್ರಾಗ ಒಂದ ಸುಳ್ಳ ತೋರಿಸು. ಇವತ್ತ ಬಿಡತೇನಿ."

ಸಂಗಣ್ಣ ಬಾಬುಲಾಲನ ಮುಖ ನೋಡಿದ. ಬಾಬುಲಾಲ ಕೈಯಲ್ಲಿದ್ದ ಕಡಗೋಲನ್ನು ತಿರುಗಿಸುತ್ತ ಕೂತ. ತೋರಿಸಲು ಒಂದು ಸುಳ್ಳೂ ಇರಲಿಲ್ಲ. ಸಂಗಣ್ಣ ಎದ್ದು ಹೋದ.

"ಸಾಕ ಮಾಡು," ಎಂದ ಬಾಬುಲಾಲ.

"ನಿನ್ನ ಕಾಲ ಬಂದ್ರ ಸಾಕ ಮಾಡತೇನಿ."

ಮನಗೂಳಿಯ ಅಂಗಡಿಗೆ ಬೀಗ ಬಿತ್ತು. ಸಂಗಣ್ಣ ಸಿಂದಗಿಗೆ ಹೋಗಿ ಹೊಸದಾಗಿ ಕೆಲಸ ಹಿಡಿದ ಸುದ್ದಿ ಬಂತು. ಪೀರಬಿ ಬುಟ್ಟಿ ಎತ್ತಿಕೊಂಡು ಬಸ್ಸು ಹತ್ತಿದಳು. ಸಿಂದಗಿಯ ಸಂತೆಯಲ್ಲೂ ಅದೇ ಗೋಣಿತಟ್ಟು, ಅದೇ ಮಾತು. ಅಲ್ಲಿಂದಲೂ ಅವನು ಕಾಲ್ತೆಗೆದ. ಇಂಡಿಯಲ್ಲಿದ್ದಾನೆಂದು ಗೊತ್ತಾಗಲು ತಡವಾಯಿತು. ಅವಳು ಕೇಳುತ್ತ ಕೇಳುತ್ತ ಹೋದಳು.

ಇಂಡಿಯ ಕಟ್ಟಿಗೆ ಅಡ್ಡೆಯಲ್ಲಿ ಅವನು ಕೂಲಿಗೆ ಗರಗಸ ಎಳೆಯುತ್ತಿದ್ದ. ಮೈ ಇಳಿದಿತ್ತು, ಗಡ್ಡ ಬೆಳೆದಿತ್ತು. ಅಡ್ಡೆಯ ಯಜಮಾನ ಗುರಲಿಂಗಪ್ಪನೂ ಕೊಳ್ಳಲು ಬಂದವರೂ ನಿಂತಿದ್ದರು. ಈ ಮುಖ ನೋಡಿ ತಿರುಗಿ ಹೋಗಬಹುದಿತ್ತು ಎಂದು ಪೀರಬಿಗೇ ಒಂದು ಕ್ಷಣ ಅನ್ನಿಸಿತು. ಆದರೂ ಕಾಲುಗಳು ಮುಂದಕ್ಕೇ ಹೋದವು.

"ಸಂಗಣ್ಣ, ಈ ಜಾಲಿ ಕಟಗಿ ಒಳಗ ಚೇಗು ಯಾವುದು?"

ಗರಗಸ ನಿಂತಿತು. ಅವನು ಕೊಯ್ದ ಬಡ್ಡೆಯ ನಡುವಿನ ಕೆಂಪಿನ ಮೇಲೆ ಬೆರಳಿಟ್ಟ. "ಇದು."

"ನನ್ನ ಗಂಡಗ ಏನಂತ ಹೇಳಿದ್ದಿ?"

"ಬ್ಯಾರೆ ಹೇಳಿದ್ದೆ."

"ಬಿಡಿಸಿ ಹೇಳು. ಇವರೂ ಕೇಳಲಿ."

ಅವನು ತಲೆ ಎತ್ತಲಿಲ್ಲ. "ಬೆಳಿಗೆ ಚೇಗು ಅಂತ ಹೇಳಿದ್ದೆ. ಅವನ ಕೈ ನನ್ನ ಕೈಗಿಂತ ಚಲೋ ಇತ್ತು. ಬಂಡಿ ಮುರದ್ರ ಅವನ ಹೆಸರ ಕೆಡತೈತಿ, ತಿರುಗಿ ನನ್ನ ಹತ್ರ ಬರತಾನ ಅಂತ ತಿಳಕೊಂಡಿದ್ದೆ. ಕಾಲ ಹೋಗತೈತಿ ಅಂತ ಅನ್ಕೊಂಡಿರಲಿಲ್ಲ."

ಗುರಲಿಂಗಪ್ಪ ಬಂದು ಅವನ ಕೈಯಿಂದ ಗರಗಸ ತೆಗೆದುಕೊಂಡು ಗೋಡೆಗೆ ಆನಿಸಿದ. "ನಾಳಿಂದ ಬರಬ್ಯಾಡ," ಎಂದ.

ಸಂಗಣ್ಣ ಹೆಗಲಿನ ವಸ್ತ್ರ ಕೊಡವಿಕೊಂಡು ಸ್ಟೇಷನ್ನಿನ ಕಡೆ ನಡೆದ. ಆ ಮೇಲೆ ಅವನನ್ನು ಆ ಭಾಗದಲ್ಲಿ ಯಾರೂ ಕಾಣಲಿಲ್ಲ.

ಪೀರಬಿ ಸಂಜೆಗೆ ಮನೆ ಸೇರಿ ನಡೆದದ್ದನ್ನೆಲ್ಲ ಹೇಳಿದಳು. ಬಾಬುಲಾಲ ಕೇಳಿದ: "ಸಮಾಧಾನ ಆತೇನು?"

"ಆತು," ಎಂದಳು ಪೀರಬಿ.

ಅವನು ಅವಳ ಮುಖವನ್ನೇ ನೋಡಿದ. ಸುಳ್ಳೇನಾದರೂ ಇದ್ದೀತೆಂದು ಹುಡುಕಿದ. ಇರಲಿಲ್ಲ. ಅವಳು ಒಲೆ ಹಚ್ಚಿ ಇಬ್ಬರಿಗೂ ರೊಟ್ಟಿ ಬಡಿದಳು. ಅವನು ಒಂದು ರೊಟ್ಟಿ ತಿಂದು ಕೈತೊಳೆದ. ಅವಳು ಮೂರು ತಿಂದಳು.