ಬಿದ್ದದ್ದು ಸೈಕಲ್ಲಿನಿಂದ, ಬರೆಸಿದ್ದು ಮೆಟ್ಟಿಲಿನಿಂದ

ಜಲ್ಲಿ ಎದ್ದ ತಿರುವಿನಲ್ಲಿ ವ್ಯಾನು ತಾಗಿ, ಸೈಕಲ್ಲಿನಲ್ಲಿದ್ದ ಹುಡುಗಿ ಹ್ಯಾಂಡಲ್ಲಿನ ಮೇಲೇ ಮುಗ್ಗರಿಸಿದಳು. ವ್ಯಾನು ಓಡಿಸುತ್ತಿದ್ದವನು ಅವಳ ಸೋದರಮಾವ. ಅವನೇ ಎತ್ತಿಕೊಂಡು ಅಕ್ಕನ ಹೊಲಿಗೆ ಅಂಗಡಿಗೆ ತಂದ.

"ಅಕ್ಕಾ, ಬ್ರೇಕ್ ಹಾಕಿದೆ, ನಿಲ್ಲಲೇ ಇಲ್ಲ! ನನ್ನ ಹಿಡ್ಕೊಂಡು ಹೋಗ್ತಾರಾ?"

ಟೈಲರಮ್ಮ ಹೊಲಿಗೆ ಬಿಟ್ಟು ಎದ್ದಳು. ಇತ್ತ ಮಗಳ ಬಲ ಮಣಿಕಟ್ಟು ಊದಿತ್ತು, ಅತ್ತ ತಮ್ಮ ಪೊಲೀಸರು ಬಂದರೇನೋ ಎಂದು ಬೀದಿಯನ್ನೇ ನೋಡುತ್ತಿದ್ದ.

"ನೀನು ಆಸ್ಪತ್ರೆಗೆ ಬರಬೇಡ. ನಾನು ನೋಡ್ಕೋತೀನಿ," ಎಂದಳು.

ಡಾಕ್ಟರು ಹೇಗಾಯಿತೆಂದು ಕೇಳಿದರು. ಮಗಳು ಬಾಯಿ ತೆರೆಯುವ ಮೊದಲೇ ಟೈಲರಮ್ಮ, "ಮನೆ ಮೆಟ್ಟಿಲಲ್ಲಿ ಜಾರಿದ್ಲು ಸಾರ್," ಎಂದಳು.

"ಬೇರೆಲ್ಲಾದ್ರೂ ನೋವಿದೆಯಾ ಮಗು?"

ಮಗಳು ಅಮ್ಮನ ಮುಖ ನೋಡಿ, ಇಲ್ಲವೆಂದಳು. ಕೈಗೆ ಎಕ್ಸ್‌ರೇ ಆಯಿತು, ಕಟ್ಟು ಹಾಕಿದರು, ತಾಯಿ ಮಗಳು ಮನೆಗೆ ಬಂದರು.

ಮಧ್ಯಾಹ್ನ ಹುಡುಗಿ ಗೋಡೆಯ ಕಡೆ ತಿರುಗಿ ಮುದುಡಿ ಮಲಗಿದಳು. "ಅಮ್ಮಾ, ಎಡ ಭುಜ ನೋಯ್ತಿದೆ," ಎಂದಳು. ಹಣೆ ಮುಟ್ಟಿದರೆ ತಣ್ಣನೆಯ ಬೆವರು.

ಪಕ್ಕದ ಮನೆಯಾಕೆ ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ, ಡಾಕ್ಟರು ಬರೆದ ಕಾಯಿಲೆ-ಗಾಯಗಳಿಗೆ ಸಂಕೇತ ಸಂಖ್ಯೆ ಹಾಕುವ ಕೋಡಿಂಗ್ ಕೆಲಸದವಳು. ಅವತ್ತು ರಜೆ. ರವಿಕೆ ಕೇಳಲು ಬಂದವಳು ಹುಡುಗಿಯನ್ನು ನೋಡಿ ಬಾಗಿಲಲ್ಲೇ ನಿಂತಳು.

"ಏನಾಯ್ತು ಇವಳಿಗೆ?"

"ಮೆಟ್ಟಿಲಿಂದ ಬಿದ್ಲು."

"ನಿಮ್ಮನೇಲಿ ಮೆಟ್ಟಿಲೆಲ್ಲಿದೆ ಅಕ್ಕಾ?"

"ಮಾವನ ವ್ಯಾನ್ ಸೈಕಲ್ಲಿಗೆ ತಾಗ್ತು," ಎಂದು ಮಗಳು ಅಂಗಿ ಸರಿಸಿದಳು. ಎಡ ಪಕ್ಕೆಯ ಕೆಳಗೆ, ಹ್ಯಾಂಡಲ್ಲಿನ ತುದಿ ಚುಚ್ಚಿದ ಕಡೆ, ದುಂಡಗೆ ನೀಲಿಗಟ್ಟಿತ್ತು.

"ಅಯ್ಯೋ, ಒಳಗೆ ರಕ್ತ ಸೋರ್ತಿರಬಹುದು. ಏಳಿ, ಏಳಿ!"

"ನಿಜ ಹೇಳಿದ್ರೆ ನನ್ನ ತಮ್ಮನ ಗತಿ?"

"ಅವನ ಮೇಲೆ ಕೇಸ್ ಆಗಬಹುದು, ಇಲ್ಲ ಅನ್ನಲ್ಲ. ಆದ್ರೆ ಈಗ ಮಗು ಉಳಿಬೇಕಲ್ಲ?"

ಆಟೋದಲ್ಲಿ ಮಗಳ ತಲೆ ತಾಯಿಯ ತೋಳಿನ ಮೇಲೆ ವಾಲಿತು. ಕರೆದರೆ ಬರೀ ಹೂಂ ಎನ್ನುತ್ತಿದ್ದಳು, ಆಮೇಲೆ ಅದೂ ನಿಂತಿತು. ಆಸ್ಪತ್ರೆಯ ಬಾಗಿಲಿನಿಂದಲೇ ಟೈಲರಮ್ಮ ಕೂಗಿದಳು: "ಸಾರ್, ನಾನು ಸುಳ್ಳು ಹೇಳಿದೆ! ಸೈಕಲ್ಲಿಗೆ ವ್ಯಾನ್ ಹೊಡೀತು. ಹ್ಯಾಂಡಲ್ ಹೊಟ್ಟೆಗೆ ಚುಚ್ಚಿದೆ!"

ಕೂಡಲೇ ಸ್ಕ್ಯಾನ್ ಮಾಡಿದರು. ಎಡ ಪಕ್ಕೆಲುಬಿನ ಒಳಗಿನ ಗುಲ್ಮ, ಅಂದರೆ ಸ್ಪ್ಲೀನ್, ಹರಿದು ಹೊಟ್ಟೆಯಲ್ಲಿ ರಕ್ತ ತುಂಬಿತ್ತು; ಭುಜದ ನೋವೂ ಅದರಿಂದಲೇ. ಆಪರೇಷನ್ ಕೋಣೆಯ ಬಾಗಿಲು ಮುಚ್ಚಿತು.

ಹೊರಗೆ ಬೆಂಚಿನ ಮೇಲೆ ಟೈಲರಮ್ಮ ಜೊತೆಗೆ ಬಂದಿದ್ದ ಪಕ್ಕದ ಮನೆಯಾಕೆಯನ್ನು ಕೇಳಿದಳು, "ಒಂದು ಮಾತಿಂದ ಇಷ್ಟೆಲ್ಲಾ ಆಗತ್ತಾ?"

"ನೀವು ಹೇಳೋದನ್ನ ಕೇಳಿಯೇ ಡಾಕ್ಟರು ಎಲ್ಲಿ ಹುಡುಕಬೇಕು ಅಂತ ನೋಡೋದು. ಅವರು ಬರೆದದ್ದಕ್ಕೇ ನಾನು ಕೋಡ್ ಹಾಕೋದು. ಗಾಯಕ್ಕೊಂದು, ಅದು ಹೇಗಾಯ್ತು ಅನ್ನೋದಕ್ಕೊಂದು. ಎಲ್ಲರೂ ಮೆಟ್ಟಿಲು ಅಂದ್ರೆ, ಆ ತಿರುವಲ್ಲಿ ಯಾರೂ ಬಿದ್ದೇ ಇಲ್ಲ ಅಂತ ಲೆಕ್ಕ. ಆಮೇಲೆ ರಸ್ತೆ ಯಾರು ಸರಿ ಮಾಡ್ತಾರೆ?"

ಅಷ್ಟರಲ್ಲಿ ಸುದ್ದಿ ತಿಳಿದು ತಮ್ಮ ಬಂದ. ಅಕ್ಕನ ಕಾಲ ಬಳಿ ಕುಸಿದ. ಆಮೇಲೆ ಅವನೇ ಎದ್ದು ಹೋಗಿ ಪೊಲೀಸರಿಗೆ ನಡೆದದ್ದೆಲ್ಲ ಹೇಳಿದ. ಕೇಸಾಯಿತು. ಹುಡುಗಿ ಬದುಕಿದಳು. ಕಣ್ಣು ಬಿಟ್ಟವಳೇ, "ಮಾವ ಎಲ್ಲಿ?" ಎಂದಳು.

ನಿಮ್ಮ ಮನೆಯಲ್ಲಿ ಯಾರಾದರೂ ಸೈಕಲ್ಲಿನಿಂದ ಬಿದ್ದರೆ ಡಾಕ್ಟರಿಗೆ ನಡೆದದ್ದನ್ನೇ ಹೇಳಿ: ಯಾವ ವಾಹನ ತಾಗಿತು, ಎಲ್ಲಿ, ಮೈಯ ಯಾವ ಭಾಗಕ್ಕೆ ಪೆಟ್ಟು ಬಿತ್ತು. ಅದನ್ನು ಹಾಗೆಯೇ ಬರೆಯಲು ಕೇಳಿ. ಹೊಟ್ಟೆಗೆ ಹ್ಯಾಂಡಲ್ ತಾಗಿದ್ದರೆ, ನೋವಿಲ್ಲದಿದ್ದರೂ ಹೇಳಿ. ಯಾರನ್ನೋ ಉಳಿಸಲು ಹೋಗಿ ನಿಮ್ಮ ಮಗುವನ್ನು ಕಳೆದುಕೊಳ್ಳಬೇಡಿ.